ಆಕಾಶದಲ್ಲಿ ಠಸ್ಸುಪುಸ್ಸು ನಡೆಯುವುದಿಲ್ಲ

ಗೆಳೆಯರೇ, ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡಿ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡರಲ್ಲೂ ಒಳ್ಳೆಯ ಅಂಕ ತೆಗೆದ ಹುಡುಗ ಹುಡುಗಿಯರು ನಿಮ್ಮ ಬೀದಿಯಲ್ಲಿ ಎಷ್ಟು ಜನ ಇದ್ದಾರೆ? ಅವರಲ್ಲಿ ಎಷ್ಟು ಜನ ‘ನಾನು ಪೈಲಟ್ ಆಗ್ತೀನಿ’ ಅಂತ ಮನೆಯಲ್ಲಿ ಬಾಯಿಬಿಟ್ಟು ಹೇಳಿದ್ದಾರೆ? ಇಂಜಿನಿಯರಿಂಗ್ ಅಂದರೆ ಸೈ, ಮೆಡಿಕಲ್ ಅಂದರೆ ಸೈ, ಬ್ಯಾಂಕ್ ಪರೀಕ್ಷೆ ಅಂದರೂ ಸೈ. ಪೈಲಟ್ ಅಂದ ಕೂಡಲೇ ಅಪ್ಪ ಪೇಪರ್ ಮಡಚಿಟ್ಟು ದುಡ್ಡಿನ ಲೆಕ್ಕ ತೆಗೆಯುತ್ತಾರೆ. ಪಕ್ಕದ ಮನೆಯ ಮಾವ ‘ಅದಕ್ಕೆಲ್ಲ ಕಾನ್ವೆಂಟ್ ಇಂಗ್ಲಿಷ್ ಬೇಕಪ್ಪಾ, ನಮ್ಮಂಥವರಿಗಲ್ಲ’ ಎಂದು ತೀರ್ಪು ಕೊಡುತ್ತಾರೆ. ಅಪ್ಪನ ಮಾತಿನಲ್ಲಿ ಸತ್ಯವಿದೆ, ಅದಕ್ಕೆ ಆಮೇಲೆ ಬರೋಣ. ಮಾವನ ಮಾತು ಮಾತ್ರ ಶುದ್ಧ ಸುಳ್ಳು. ಇವತ್ತಿನ ಜಗಳ ಆ ಮಾವನ ಜೊತೆ.

ನಂಜನಗೂಡು ರಸ್ತೆಯ ಮಂಡಕಳ್ಳಿ ವಿಮಾನ ನಿಲ್ದಾಣ ನಿಮಗೆಲ್ಲ ಗೊತ್ತು. ೧೯೪೦ರ ದಶಕದಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ ಆದದ್ದು. ಎಷ್ಟೋ ಕಾಲ ಹೆಸರಿಗಷ್ಟೇ ಉಳಿದಿದ್ದ ಈ ನಿಲ್ದಾಣಕ್ಕೆ ಹೊಸ ಕಟ್ಟಡ ಬಂದು ಉದ್ಘಾಟನೆಯಾದದ್ದು ೨೦೧೦ರಲ್ಲಿ. ಅದೇ ವರ್ಷ ಕಿಂಗ್‌ಫಿಷರ್ ಬಂತು, ೨೦೧೧ರಲ್ಲಿ ಹೋಯಿತು. ೨೦೧೩ರಲ್ಲಿ ಸ್ಪೈಸ್‌ಜೆಟ್ ಬಂತು, ಅದೂ ಹೋಯಿತು. ಉಡಾನ್ ಯೋಜನೆಯಡಿ ೨೦೧೭ರಲ್ಲಿ ಟ್ರೂಜೆಟ್ ಚೆನ್ನೈಗೆ ಹಾರಿತು, ೨೦೨೨ರಲ್ಲಿ ಆ ಕಂಪನಿಯೇ ನಿಂತುಹೋಯಿತು. ೨೦೧೯ರಲ್ಲಿ ಅಲಯನ್ಸ್ ಏರ್ ಬೆಂಗಳೂರಿಗೆ ಶುರು ಮಾಡಿತು, ಆಮೇಲೆ ಇಂಡಿಗೋ ಬಂತು. ಹೀಗೆ ಬಂದವರು, ಹೋದವರು ಬಹಳ. ಆದರೆ ಒಂದು ಗಮನಿಸಿದಿರಾ? ಇವರೆಲ್ಲ ಇಲ್ಲಿಗೆ ತಂದದ್ದು ಪ್ರೊಪೆಲ್ಲರ್ ವಿಮಾನವನ್ನೇ. ಹೆಚ್ಚಿನವು ಎಟಿಆರ್. ನಮ್ಮ ರನ್‌ವೇ ಇರುವುದು ೧,೭೪೦ ಮೀಟರ್. ಉದ್ದ ಮಾಡೋಣವೆಂದರೆ ನಂಜನಗೂಡು ಹೆದ್ದಾರಿ, ರೈಲು ಹಳಿ ಅಡ್ಡ. ದೊಡ್ಡ ಜೆಟ್ ಇಳಿಸಿ ಧಾರಾಳವಾಗಿ ವ್ಯವಹಾರ ನಡೆಸಲು ಅದು ಸಾಲದು.

ಇಂಥ ಸಣ್ಣ ಊರುಗಳಿಗೆ ಸಣ್ಣ ವಿಮಾನ ಹಾರಿಸುವ ಕಂಪನಿಗಳಿಗೆ ಪ್ರಾದೇಶಿಕ ವಿಮಾನಯಾನ ಕಂಪನಿಗಳು ಅನ್ನುತ್ತಾರೆ. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗನಿಗೆ ಮೊದಲ ಕೆಲಸ ಸಿಗುವ ಬಾಗಿಲುಗಳಲ್ಲಿ ಇದೂ ಒಂದು. ಈ ಬಾಗಿಲು ನಮಗೆ ಪರಕೀಯವಾದದ್ದೂ ಅಲ್ಲ. ೨೦೦೩ರಲ್ಲಿ ಎಟಿಆರ್ ಇಟ್ಟುಕೊಂಡು ಏರ್ ಡೆಕ್ಕನ್ ಶುರು ಮಾಡಿದ ಕ್ಯಾಪ್ಟನ್ ಗೋಪಿನಾಥ್ ಹಾಸನ ಜಿಲ್ಲೆಯ ಗೊರೂರಿನವರು. ಬಿಜಾಪುರದ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿದ್ದಾಗ ತಾವು ಪಾಸಾಗಲಿಲ್ಲ, ಕನ್ನಡದಲ್ಲಿ ಬರೆಯಲು ಅವಕಾಶ ಸಿಕ್ಕಾಗ ಪಾಸಾದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಹುಡುಗ ಅವನೇ, ತಲೆ ಅದೇ, ಬದಲಾದದ್ದು ಪ್ರಶ್ನೆಪತ್ರಿಕೆಯ ಭಾಷೆ ಮಾತ್ರ! ೨೦೧೯ರ ಜನವರಿಯಲ್ಲಿ ಬೆಂಗಳೂರು ಹುಬ್ಬಳ್ಳಿ ನಡುವೆ ಶುರುವಾದ ಸ್ಟಾರ್ ಏರ್ ಕೂಡ ಇಂಥದ್ದೇ ಪ್ರಾದೇಶಿಕ ಕಂಪನಿ.

ಈಗ ಇಂಗ್ಲಿಷಿನ ವಿಚಾರಕ್ಕೆ ಬನ್ನಿ. ಪೈಲಟ್‌ಗೆ ಇಂಗ್ಲಿಷ್ ಬೇಕೇ? ಬೇಕು. ಇದರಲ್ಲಿ ನಾವು ಹುಸಿ ಅಭಿಮಾನ ತೋರಿಸುವುದು ಬೇಡ. ೧೯೯೬ರ ನವೆಂಬರ್ ೧೨ರಂದು ದೆಹಲಿಯ ಹತ್ತಿರ ಚರ್ಖಿ ದಾದ್ರಿಯ ಮೇಲೆ ಸೌದಿ ಅರೇಬಿಯಾದ ವಿಮಾನವೂ ಕಜಕಿಸ್ತಾನದ ವಿಮಾನವೂ ಗಾಳಿಯಲ್ಲಿ ಡಿಕ್ಕಿ ಹೊಡೆದು ೩೪೯ ಜನ ಸತ್ತರು. ಕಜಕ್ ವಿಮಾನಕ್ಕೆ ೧೫,೦೦೦ ಅಡಿಯಲ್ಲಿ ನಿಲ್ಲಲು ಹೇಳಲಾಗಿತ್ತು, ಅದು ಅದಕ್ಕಿಂತ ಕೆಳಕ್ಕೆ ಇಳಿದುಬಿಟ್ಟಿತು. ಅದರ ಚಾಲಕರಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ, ರೇಡಿಯೋ ಆಪರೇಟರ್ ಕೇಳಿ ಹೇಳಿದ್ದನ್ನೇ ನಂಬಿ ಹಾರಿಸುತ್ತಿದ್ದರು. ಇಂಥ ದುರಂತಗಳ ನಂತರವೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೋ, ಪೈಲಟ್‌ಗಳ ಭಾಷೆಗೆ ಒಂದು ಅಳತೆಗೋಲು ಮಾಡಿತು. ಒಂದರಿಂದ ಆರರವರೆಗೆ ಮೆಟ್ಟಿಲು. ನಾಲ್ಕನೆಯ ಮೆಟ್ಟಿಲು ಹತ್ತಿದರೆ ಸಾಕು, ನೀವು ಜಗತ್ತಿನ ಯಾವ ಆಕಾಶದಲ್ಲಾದರೂ ಹಾರಬಹುದು. ೨೦೦೮ರ ಮಾರ್ಚ್‌ನಿಂದ ಇದು ಜಾರಿಯಲ್ಲಿದೆ.

ಆ ಅಳತೆಗೋಲಿನಲ್ಲಿ ಏನಿದೆ ಗೊತ್ತೇ? ಉಚ್ಚಾರಣೆ, ವಾಕ್ಯರಚನೆ, ಪದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರು ಬಾಬತ್ತು. ಉಚ್ಚಾರಣೆಯ ಕಾಲಮ್ಮಿನಲ್ಲಿ, ನಾಲ್ಕನೆಯ ಮೆಟ್ಟಿಲಿನ ಎದುರು, ಮಾತೃಭಾಷೆಯ ಛಾಯೆ ಇರಬಹುದು, ಎದುರಿನವರಿಗೆ ಅರ್ಥವಾಗಲು ಅದು ಪದೇಪದೇ ಅಡ್ಡಿಯಾಗಬಾರದು ಅಷ್ಟೇ ಎಂಬರ್ಥದ ಮಾತಿದೆ. ಅತ್ಯುನ್ನತವಾದ ಆರನೆಯ ಮೆಟ್ಟಿಲಿನಲ್ಲೂ ಮಾತೃಭಾಷೆಯ ಛಾಯೆಗೆ ಜಾಗವಿದೆ! ನಿಮ್ಮ ಮಾತಿನಲ್ಲಿ ಮೈಸೂರಿನ ಮಣ್ಣಿನ ವಾಸನೆ ಇದ್ದರೆ ಐಕಾವೋಗೆ ತಕರಾರಿಲ್ಲ. ತಕರಾರು ಇರುವುದು ಸಯ್ಯಾಜಿರಾವ್ ರಸ್ತೆಯಲ್ಲಿ ಕಾಫಿ ಕುಡಿಯುತ್ತಾ ನಿಮ್ಮ ಇಂಗ್ಲಿಷ್ ಕೇಳಿ ಕಿಸಕ್ಕನೆ ನಗುವ ನಮ್ಮದೇ ಊರಿನ ಅರೆಬೆಂದ ಸಾಹೇಬರಿಗೆ.

ಇನ್ನೊಂದು ತಮಾಷೆ ಕೇಳಿ. ‘ತ್ರೀ’ ಅನ್ನಲು ನಾಲಿಗೆ ಹೊರಳದೆ ‘ಟ್ರೀ’ ಅಂದನೆಂದು ಶಾಲೆಯಲ್ಲಿ ಎಷ್ಟು ಮಕ್ಕಳು ಬೆಂಚಿನ ಮೇಲೆ ನಿಂತಿಲ್ಲ? ವಿಮಾನದ ರೇಡಿಯೋ ಮಾತಿನಲ್ಲಿ ಮೂರನ್ನು ‘ಟ್ರೀ’ ಅಂತಲೇ ಹೇಳಬೇಕು, ಇದು ಐಕಾವೋ ನಿಯಮ. ಐದನ್ನು ‘ಫೈಫ್’ ಅನ್ನಬೇಕು, ಒಂಬತ್ತನ್ನು ‘ನೈನರ್’ ಅನ್ನಬೇಕು, ಸಾವಿರವನ್ನು ‘ಟೌಸಂಡ್’ ಅನ್ನಬೇಕು. ಗರಗರ ಸದ್ದಿನ ರೇಡಿಯೋದಲ್ಲಿ ಒಂದಂಕಿ ಇನ್ನೊಂದಾಗಿ ಕೇಳಬಾರದು, ಜಗತ್ತಿನ ಎಲ್ಲ ನಾಲಿಗೆಗಳಿಗೂ ಹೊರಳಬೇಕು ಎಂದು ಇಂಗ್ಲಿಷರ ಇಂಗ್ಲಿಷನ್ನೇ ಕತ್ತರಿಸಿ ಹೊಲಿದ ಅಂಗಿ ಅದು. ಲಂಡನ್ನಿನ ದೊರೆಯೂ ಅದನ್ನೇ ತೊಡಬೇಕು. ಪ್ರಾಣ ಹೋಗುವ ಹೊತ್ತಿನಲ್ಲಿ ಪೈಲಟ್ ಕೂಗುವ ‘ಮೇ ಡೇ’ ಇದೆಯಲ್ಲ, ಅದು ಹುಟ್ಟಿದ್ದೂ ನನಗೆ ಸಹಾಯ ಮಾಡಿ ಎಂಬರ್ಥದ ಫ್ರೆಂಚ್ ಮಾತಿನಿಂದ. ಮಂಡಕಳ್ಳಿಗೆ ಬರುವ ಎಟಿಆರ್ ತಯಾರಾಗುವುದು ಫ್ರಾನ್ಸಿನ ಟುಲೂಸ್‌ನಲ್ಲಿ, ಫ್ರೆಂಚರೂ ಇಟಲಿಯವರೂ ಸೇರಿ ಕಟ್ಟಿದ ಕಂಪನಿಯಲ್ಲಿ. ಇಂಗ್ಲಿಷ್ ಅವರ ತಾಯಿನುಡಿಯೂ ಅಲ್ಲ. ಕಲಿತರು, ಕೆಲಸಕ್ಕೆ ಬಳಸಿದರು, ಮನೆಗೆ ಹೋಗಿ ತಮ್ಮ ಭಾಷೆಯಲ್ಲಿ ಮಾತಾಡಿದರು.

ಭಾಷಾಭಿಮಾನಿಗಳಿಗೆ ಇನ್ನೊಂದು ಸುದ್ದಿ. ನೆಲದಲ್ಲಿರುವ ಕೇಂದ್ರದವರು ಸಾಮಾನ್ಯವಾಗಿ ಬಳಸುವ ಭಾಷೆಯಲ್ಲೂ ಪೈಲಟ್ ಮಾತಾಡಬಹುದು, ಇಂಗ್ಲಿಷ್ ಕೇಳಿದವರಿಗೆ ಇಂಗ್ಲಿಷ್ ಸಿಗಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಕೆನಡಾದ ಕ್ವಿಬೆಕ್‌ನಲ್ಲಿ ಫ್ರೆಂಚ್ ಪೈಲಟ್‌ಗಳು ಇದಕ್ಕಾಗಿ ಹೋರಾಡಿದರು. ೧೯೭೬ರಲ್ಲಿ ಫ್ರೆಂಚ್ ಬೇಡವೆಂದು ಇಂಗ್ಲಿಷ್ ಪೈಲಟ್‌ಗಳು ಮುಷ್ಕರ ಹೂಡಿ ದೇಶವನ್ನೇ ಸ್ತಬ್ಧಗೊಳಿಸಿದರು. ವಿಚಾರಣಾ ಆಯೋಗ ಕೂತು, ಎರಡು ಭಾಷೆಯಿಂದ ಅಪಾಯವಿಲ್ಲವೆಂದು ೧೯೭೯ರಲ್ಲಿ ವರದಿ ಕೊಟ್ಟಿತು. ನಾನೇನೂ ಮಂಡಕಳ್ಳಿ ಟವರ್‌ನಲ್ಲಿ ನಾಳೆಯಿಂದ ಕನ್ನಡ ಬರಲಿ ಎನ್ನುತ್ತಿಲ್ಲ. ಚರ್ಖಿ ದಾದ್ರಿ ಕಣ್ಣ ಮುಂದಿದೆ. ಆದರೆ ಆಕಾಶದ ಭಾಷೆಯೂ ಮನುಷ್ಯರು ಕೂತು ತೀರ್ಮಾನಿಸಿದ್ದೇ ಹೊರತು ದೇವರು ಬರೆದದ್ದಲ್ಲ ಎಂಬುದು ತಲೆಯಲ್ಲಿರಲಿ.

ಸರಿ, ಅರ್ಜಿ ಹಾಕುವ ಹೊತ್ತಿಗೆ ನಿಮ್ಮ ಕೈಯಲ್ಲಿ ಏನಿರಬೇಕು? ೨೦೦ ಗಂಟೆ ಹಾರಿ ಪಡೆದ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಎರಡು ಇಂಜಿನ್ನಿನ ವಿಮಾನದ ಅನುಮತಿ, ಮೋಡದೊಳಗೆ ಉಪಕರಣ ನೋಡಿಕೊಂಡೇ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗ್, ರೇಡಿಯೋ ಮಾತಿನ ಆರ್‌ಟಿಆರ್, ಭಾಷಾ ಮಟ್ಟದ ಪ್ರಮಾಣಪತ್ರ, ಕ್ಲಾಸ್ ಒನ್ ವೈದ್ಯಕೀಯ ಪತ್ರ. ಆರ್‌ಟಿಆರ್ ಪರೀಕ್ಷೆ ಮೊದಲು ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. ೨೦೨೪ರ ಭಾರತೀಯ ವಾಯುಯಾನ ಅಧಿನಿಯಮ ಅದನ್ನು ಡಿಜಿಸಿಎಗೆ ಕೊಟ್ಟಿದೆ. (ಕಾಯ್ದೆಯ ಹೆಸರನ್ನೂ ಹಿಂದಿಯಲ್ಲೇ ಇಟ್ಟಿದ್ದಾರೆ, ಆ ಜಗಳ ಇನ್ನೊಂದು ದಿನ ಆಡೋಣ.) ಹಾರಿದ ಗಂಟೆಗಳ ಲಾಗ್‌ಬುಕ್ ಕೂಡಿದರೆ ಲೆಕ್ಕ ತಾಳೆಯಾಗಬೇಕು. ಒಂದು ಪುಟದಲ್ಲಿ ಹತ್ತು ನಿಮಿಷ ಹೆಚ್ಚುಕಡಿಮೆಯಾದರೂ ಸಂದರ್ಶಕ ಬೆರಳಿಟ್ಟು ಕೇಳುತ್ತಾನೆ.

ನಮ್ಮವರಿಗೆ ವಿಶೇಷವಾಗಿ ಕಾಡುವ ಒಂದು ಪೀಡೆಯಿದೆ. ಅದು ಇನಿಶಿಯಲ್! ನಾವು ಹೆಸರಿನ ಹಿಂದೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಅಂಟಿಸಿಕೊಂಡು ಹಾಯಾಗಿದ್ದೇವೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳೆಲ್ಲ ಬಾಲ ಬಿಚ್ಚಿಕೊಂಡು ಮೂರನೆಯ ಥರ. ಡಿಜಿಸಿಎ ಪರೀಕ್ಷೆಗೆ ಕಂಪ್ಯೂಟರ್ ನಂಬರ್ ಪಡೆಯುವಾಗಲೇ ಅಂಕಪಟ್ಟಿಯನ್ನು ಮಂಡಳಿಯಿಂದ ದೃಢೀಕರಿಸಿ ಕೊಡಬೇಕು. ಹೆಸರು ತಾಳೆಯಾಗದಿದ್ದರೆ ಮೈಸೂರಿಗೂ ಮಲ್ಲೇಶ್ವರದ ಪರೀಕ್ಷಾ ಮಂಡಳಿಗೂ ಚಪ್ಪಲಿ ಸವೆಸಬೇಕು. ಪಿಯುಸಿ ಮುಗಿದ ಕೂಡಲೇ ಎಲ್ಲ ಕಾಗದದಲ್ಲೂ ಹೆಸರು ಒಂದೇ ಮಾಡಿಸಿಕೊಳ್ಳಿ. ಯಾವ ಕೋಚಿಂಗ್ ಸೆಂಟರಿನವರೂ ಇದನ್ನು ಮೊದಲ ದಿನ ಹೇಳುವುದಿಲ್ಲ.

ಅರ್ಜಿ ದಾಟಿದರೆ ಪರೀಕ್ಷೆ. ಲಿಖಿತ ತಾಂತ್ರಿಕ ಪ್ರಶ್ನೆಗಳು, ಕಂಪ್ಯೂಟರಿನ ಮುಂದೆ ಕೂತು ಕೈಯಲ್ಲಿ ಒಂದು, ಕಣ್ಣಲ್ಲಿ ಒಂದು, ಕಿವಿಯಲ್ಲಿ ಒಂದು ಕೆಲಸ ಒಟ್ಟಿಗೆ ಮಾಡಿಸುವ ಪರೀಕ್ಷೆ, ಮನೋವೈಜ್ಞಾನಿಕ ಪ್ರಶ್ನಾವಳಿ, ಕೆಲವೆಡೆ ಸಿಮ್ಯುಲೇಟರ್. ಕೊನೆಗೆ ಸಂದರ್ಶನ. ಕೈಕಾಲು ನಡುಗುವುದು ಅಲ್ಲೇ.

ಸಂದರ್ಶನದ ತಾಂತ್ರಿಕ ಪ್ರಶ್ನೆಗಳಲ್ಲಿ ಒಂದನ್ನು ತೆಗೆದುಕೊಳ್ಳೋಣ. ಸೆಕೆಯ ದಿನ ವಿಮಾನಕ್ಕೆ ರನ್‌ವೇ ಯಾಕೆ ಹೆಚ್ಚು ಬೇಕು? ಗಿಳಿಪಾಠದವನು ಪುಸ್ತಕದ ಎರಡು ಸಾಲು ಒದರುತ್ತಾನೆ. ಮುಂದಿನ ಪ್ರಶ್ನೆ ಬಂದರೆ ಬಾಯಿ ಕಟ್ಟುತ್ತದೆ. ನೀವು ಹಾಗೆ ಮಾಡಬೇಡಿ. ಕಣ್ಣು ಮುಚ್ಚಿ ಮಂಡಕಳ್ಳಿಯನ್ನು ನೆನೆಯಿರಿ. ಸಮುದ್ರಮಟ್ಟದಿಂದ ಸುಮಾರು ೨,೩೦೦ ಅಡಿ ಎತ್ತರ. ಏಪ್ರಿಲ್ ಮಧ್ಯಾಹ್ನ, ೩೬ ಡಿಗ್ರಿ ಬಿಸಿಲು. ಆ ಎತ್ತರಕ್ಕೆ ಪ್ರಮಾಣಿತ ಲೆಕ್ಕದ ಉಷ್ಣತೆ ೧೦ ಡಿಗ್ರಿಯ ಆಸುಪಾಸು, ಅಂದರೆ ೨೬ ಡಿಗ್ರಿ ಜಾಸ್ತಿ. ಡಿಗ್ರಿಗೆ ೧೨೦ ಅಡಿಯಂತೆ ಸೇರಿಸಿದರೆ ೩,೦೦೦ ಅಡಿ ಮೀರುತ್ತದೆ. ಗಾಳಿ ಕಾದು ತೆಳುವಾಗಿ, ಮಂಡಕಳ್ಳಿಯಲ್ಲಿ ನಿಂತ ವಿಮಾನಕ್ಕೆ ತಾನು ೫,೦೦೦ ಅಡಿಗೂ ಮೇಲೆ, ಎದುರಿಗೆ ಕಾಣುವ ಚಾಮುಂಡಿ ಬೆಟ್ಟದ ತುದಿಗಿಂತ ಎಷ್ಟೋ ಎತ್ತರದಲ್ಲಿ ನಿಂತ ಹಾಗೆ ಅನ್ನಿಸುತ್ತದೆ. ರೆಕ್ಕೆಗೆ ಎತ್ತುವ ಬಲ ಸಾಲದು, ಇಂಜಿನ್ನಿಗೆ ಉಸಿರು ಸಾಲದು. ಹಾಗಾಗಿ ಹೆಚ್ಚು ದೂರ ಓಡಬೇಕು, ಇಲ್ಲವೇ ಭಾರ ಇಳಿಸಬೇಕು. ಇಷ್ಟನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡವನಿಗೆ ಇಂಗ್ಲಿಷಿನಲ್ಲಿ ನಾಲ್ಕು ಸರಳ ವಾಕ್ಯ ಹೇಳಲು ಕಷ್ಟವೇನು? ಅರ್ಥವಾಗದವನಿಗೆ ಯಾವ ಕಾನ್ವೆಂಟ್ ಇಂಗ್ಲಿಷೂ ಕೈಹಿಡಿಯುವುದಿಲ್ಲ. ಬಾಲಿಯವರ ಏರ್ ರೆಗ್ಯುಲೇಷನ್ಸ್, ಜೋಷಿಯವರ ಹವಾಮಾನ ಪುಸ್ತಕ ಓದುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು ಪ್ರತಿ ಅಧ್ಯಾಯದ ಸಾರವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ನಾಚಿಕೆಯ ವಿಷಯವೇ ಅಲ್ಲ ಅದು.

ಆಮೇಲೆ ಬರುತ್ತದೆ ನಿಜವಾದ ಪ್ರಶ್ನೆ. ‘ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾನೆ, ನೀನು ಪಕ್ಕದ ಸೀಟಿನ ಫಸ್ಟ್ ಆಫೀಸರ್, ಏನು ಮಾಡುತ್ತೀಯ?’ ಇದನ್ನು ಸೌಜನ್ಯದ ಪ್ರಶ್ನೆ ಅಂದುಕೊಳ್ಳಬೇಡಿ. ೨೦೧೦ರ ಮೇ ೨೨, ನಮ್ಮ ಮಂಗಳೂರು. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಮರಿಗೆ ಬಿದ್ದು ೧೫೮ ಜನ ಸುಟ್ಟುಹೋದರು, ಎಂಟು ಜನ ಉಳಿದರು. ಹಾರಾಟದ ಬಹುಪಾಲು ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ವಿಮಾನ ಇಳಿಯಬೇಕಾದ್ದಕ್ಕಿಂತ ಎತ್ತರದಲ್ಲಿತ್ತು. ಇಳಿಸುವುದು ಬೇಡ, ಮತ್ತೆ ಮೇಲಕ್ಕೇರೋಣ ಎಂದು ಫಸ್ಟ್ ಆಫೀಸರ್ ಮೂರು ಸಲ ಹೇಳಿದ್ದು ವಿಚಾರಣಾ ವರದಿಯಲ್ಲಿದೆ. ಕ್ಯಾಪ್ಟನ್ ಕೇಳಲಿಲ್ಲ.

ಸ್ವಲ್ಪ ಹೊತ್ತು ಈ ಘಟನೆಯ ಮುಂದೆ ನಿಲ್ಲಿ ಗೆಳೆಯರೇ. ‘ಗೋ ಅರೌಂಡ್’ ಎಂಬ ಎರಡೇ ಪದ. ಅದನ್ನು ಹೇಳಲು ಎಷ್ಟು ಇಂಗ್ಲಿಷ್ ಬೇಕು? ಎಲ್‌ಕೆಜಿಯ ಇಂಗ್ಲಿಷ್ ಸಾಕು. ಆದರೆ ಹಿರಿಯನ ಮುಖಕ್ಕೆ ನೇರವಾಗಿ, ಗಟ್ಟಿಯಾಗಿ, ಮತ್ತೆ ಮತ್ತೆ ಹೇಳಲು ಎದೆ ಬೇಕು. ಹೇಳಿದ ಮೇಲೂ ಕೇಳದಿದ್ದರೆ ಕಂಟ್ರೋಲ್ ತನ್ನ ಕೈಗೆ ತೆಗೆದುಕೊಳ್ಳುವ ಎದೆಗಾರಿಕೆ ಬೇಕು. ಸಂದರ್ಶಕ ಹುಡುಕುತ್ತಿರುವುದು ಇದನ್ನೇ. ನಮ್ಮ ಹುಡುಗರು ಸೋಲುವುದೂ ಇಲ್ಲೇ, ವ್ಯಾಕರಣದಲ್ಲಲ್ಲ. ಚಿಕ್ಕಂದಿನಲ್ಲಿ ತಪ್ಪು ಇಂಗ್ಲಿಷ್ ಆಡಿದ್ದಕ್ಕೆ ಕ್ಲಾಸೆಲ್ಲ ನಕ್ಕಿರುತ್ತದೆ. ಕಾಲೇಜಿನಲ್ಲಿ ಪ್ರಶ್ನೆ ಕೇಳಬೇಕೆಂದು ಎದ್ದವನು, ಇಂಗ್ಲಿಷಿನಲ್ಲಿ ಕೇಳಬೇಕಲ್ಲ ಎಂದು ಮತ್ತೆ ಕೂತಿರುತ್ತಾನೆ. ಹದಿನೈದು ವರ್ಷ ಹೀಗೆ ಕೂತು ಕೂತು ಬಾಯಿ ಮುಚ್ಚಿಕೊಳ್ಳುವುದೇ ಅವನ ಸ್ವಭಾವವಾಗಿರುತ್ತದೆ. ಸಂದರ್ಶಕ ಅದನ್ನು ‘ಈ ಹುಡುಗನಲ್ಲಿ ಧೈರ್ಯವಿಲ್ಲ’ ಎಂದು ಓದಿಕೊಳ್ಳುತ್ತಾನೆ. ಅವನ ಕಡೆಯಿಂದ ನೋಡಿದರೆ ತಪ್ಪೂ ಅಲ್ಲ, ಬಾಯಿ ಬಿಡದವನ ಪಕ್ಕ ಎಪ್ಪತ್ತು ಜನ ಪ್ರಯಾಣಿಕರನ್ನು ಯಾರು ಕೂರಿಸುತ್ತಾರೆ? ಆ ಹುಡುಗನ ಧೈರ್ಯ ಕದ್ದವರು ಯಾರು ಎಂದು ಕೇಳುವವರು ಮಾತ್ರ ಆ ಕೋಣೆಯಲ್ಲಿ ಇರುವುದಿಲ್ಲ.

ಈ ಕೀಳರಿಮೆಯ ಮೇಲೆ ಒಂದು ದಂಧೆಯೇ ನಡೆಯುತ್ತಿದೆ. ಟೈ ಕಟ್ಟುವುದು ಹೇಗೆ, ಕೈ ಕುಲುಕುವುದು ಹೇಗೆ, ‘ನಿಮ್ಮ ಬಗ್ಗೆ ಹೇಳಿ’ ಅಂದರೆ ಏನು ಒದರಬೇಕು ಎಂದು ಬರೆಸಿ ಬಾಯಿಪಾಠ ಮಾಡಿಸಿ ಸಾವಿರಗಟ್ಟಲೆ ಕೀಳುವ ಅಂಗಡಿಗಳು. ಅಮೆರಿಕದವನ ಹಾಗೆ ನಾಲಿಗೆ ತಿರುಚುವುದನ್ನೂ ಕಲಿಸುತ್ತಾರೆ. ಐಕಾವೋ ಬೇಡವೆಂದದ್ದನ್ನು ಇವರು ದುಡ್ಡಿಗೆ ಮಾರುತ್ತಾರೆ! ಆ ದುಡ್ಡು ಉಳಿಸಿ. ಇಬ್ಬರು ಗೆಳೆಯರು ಎದುರುಬದುರು ಕೂತು ಒಬ್ಬ ಟವರ್, ಒಬ್ಬ ಪೈಲಟ್ ಆಗಿ ದಿನಕ್ಕೆ ಅರ್ಧ ಗಂಟೆ ರೇಡಿಯೋ ಮಾತು ಅಭ್ಯಾಸ ಮಾಡಿ. ಹೇಳಿದ್ದನ್ನು ತಿರುಗಿ ಹೇಳಿ, ಅರ್ಥವಾಗದಿದ್ದರೆ ‘ಸೇ ಅಗೈನ್’ ಎಂದು ಕೇಳಿ. ಅರ್ಥವಾಗಲಿಲ್ಲ, ಮತ್ತೆ ಹೇಳಿ ಎಂದು ಕೇಳುವುದು ವಿಮಾನಯಾನದಲ್ಲಿ ಅವಮಾನವಲ್ಲ, ಕರ್ತವ್ಯ. ಕೆಲವು ಸಂದರ್ಶಕರು ಇಂದಿಗೂ ಉಚ್ಚಾರಣೆಯನ್ನೇ ಬುದ್ಧಿ ಎಂದು ತಿಳಿದಿರುತ್ತಾರೆ, ಇಲ್ಲವೆನ್ನುವುದಿಲ್ಲ. ಅಂಥವರ ಮುಂದೆಯೂ ನಿಧಾನವಾಗಿ, ಸ್ಪಷ್ಟವಾಗಿ, ಸಣ್ಣ ವಾಕ್ಯಗಳಲ್ಲಿ ಮಾತಾಡಿ.

ಈಗ ಅಪ್ಪನ ಮಾತಿಗೆ ಬರೋಣ. ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಅರ್ಧ ಕೋಟಿ ಸುಲಭವಾಗಿ ಮುಳುಗುತ್ತದೆ. ಎಟಿಆರ್‌ನಂಥ ಒಂದು ಮಾದರಿಯ ವಿಮಾನದ ತರಬೇತಿಗೆ ಮತ್ತೆ ಲಕ್ಷಗಳು. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಪತ್ರ ಕೇಳುತ್ತದೆ. ಅಂದರೆ ಮನೆ ಅಡವು. ಕಂಪನಿಗಳ ಆಯುಷ್ಯವನ್ನೋ ಮೇಲೆಯೇ ನೋಡಿದಿರಿ. ೨೦೧೨ರಲ್ಲಿ ಕಿಂಗ್‌ಫಿಷರ್, ೨೦೧೯ರಲ್ಲಿ ಜೆಟ್ ಏರ್‌ವೇಸ್, ೨೦೨೩ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಪ್ರತಿ ಸಲವೂ ಅನುಭವಿ ಪೈಲಟ್‌ಗಳು ಬೀದಿಗೆ ಬಂದು, ೨೦೦ ಗಂಟೆಯ ಹೊಸ ಹುಡುಗನ ಸರದಿ ಹಿಂದಕ್ಕೆ ಹೋಯಿತು. ಕಾಯುವಾಗಲೂ ಖರ್ಚು ನಿಲ್ಲುವುದಿಲ್ಲ. ವೈದ್ಯಕೀಯ ಪತ್ರ ವರ್ಷ ವರ್ಷ ಹೊಸದಾಗಬೇಕು, ಇನ್‌ಸ್ಟ್ರುಮೆಂಟ್ ರೇಟಿಂಗ್ ಉಳಿಸಿಕೊಳ್ಳಲು ಮತ್ತೆ ಹಾರಬೇಕು. ಆದ್ದರಿಂದ ಫೀಸಿನ ಮೊದಲ ರೂಪಾಯಿ ಕಟ್ಟುವ ಮುಂಚೆ ಕ್ಲಾಸ್ ಟೂ, ಕ್ಲಾಸ್ ಒನ್ ವೈದ್ಯಕೀಯ ಪರೀಕ್ಷೆ ಮಾಡಿಸಿ. ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲೇ ಕ್ಲಾಸ್ ಒನ್ ಆಗುತ್ತದೆ. ಕನ್ನಡಕ ಹಾಕುತ್ತೀರೆಂದು ಹಿಂಜರಿಯಬೇಡಿ, ಮಿತಿಯೊಳಗಿದ್ದರೆ ಅಡ್ಡಿಯಿಲ್ಲ. ಬಣ್ಣ ಗುರುತಿಸುವುದರಲ್ಲಿ ದೋಷವಿದ್ದರೆ ಆ ದಿನವೇ ಗೊತ್ತಾಗಲಿ, ಮನೆ ಅಡವಿಟ್ಟ ಮೇಲಲ್ಲ.

ಇಲ್ಲಿಂದ ಮುಂದೆ ಸರ್ಕಾರದ ಪಾಲು. ಬೆಂಗಳೂರಿನ ಜಕ್ಕೂರಿನಲ್ಲಿ ೧೯೪೦ರ ದಶಕದ ಕೊನೆಯಲ್ಲೇ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಹುಟ್ಟಿತು. ಖಾಸಗಿಯವರಿಗಿಂತ ಕಡಿಮೆ ದುಡ್ಡಿನಲ್ಲಿ ನಮ್ಮ ಮಕ್ಕಳು ಹಾರಲು ಇದ್ದ ದಾರಿ ಅದು. ನಡುವೆ ತರಬೇತಿ ನಿಂತು ವಿದ್ಯಾರ್ಥಿಗಳು ಪರದಾಡಿದ್ದೂ ಉಂಟು. ೨೦೨೧ರಲ್ಲಿ ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿ ಖಾಸಗಿ ಹಾರಾಟ ಶಾಲೆಗಳಿಗೆ ಜಾಗ ಕೊಟ್ಟರು, ಸಂತೋಷ. ಜಾಗ ನಮ್ಮದು, ಗಾಳಿ ನಮ್ಮದು. ಅಲ್ಲಿ ನಮ್ಮ ಮಕ್ಕಳಿಗೆ ಎಷ್ಟು ಸೀಟು, ಯಾವ ರಿಯಾಯಿತಿ ಎಂದು ಕೇಳಬೇಕಾದವರು ನಾವು. ವಿಮಾನ ನಿಲ್ದಾಣಗಳಲ್ಲಿ ಪ್ರಕಟಣೆ ಮೊದಲು ಸ್ಥಳೀಯ ಭಾಷೆಯಲ್ಲಿರಬೇಕೆಂದು ಕೇಂದ್ರ ೨೦೧೮ರ ಡಿಸೆಂಬರ್‌ನಲ್ಲಿ ಸೂಚನೆ ಕೊಟ್ಟಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಪ್ರಕಟಣೆಯಲ್ಲಿ ಕನ್ನಡ ಕೇಳಿಸಿದರೆ ಸಾಲದು, ಕಾಕ್‌ಪಿಟ್ಟಿನಲ್ಲಿ ಕನ್ನಡಿಗ ಕೂರಬೇಕು.

ಮುಂದಿನ ಸಲ ಮೈಸೂರಿನಲ್ಲಿ ಓಟು ಕೇಳಲು ಬಂದವರು ಮಂಡಕಳ್ಳಿ ರನ್‌ವೇ ಉದ್ದ ಮಾಡಿಸುತ್ತೇವೆ ಎಂದು ಎಂದಿನಂತೆ ಹೇಳುತ್ತಾರೆ. ಹೇಳಲಿ. ನೀವು ಇನ್ನು ಮೂರು ಕೇಳಿ. ಪೈಲಟ್ ತರಬೇತಿಯ ಸಾಲಕ್ಕೆ ರಾಜ್ಯ ಸರ್ಕಾರ ಜಾಮೀನು ನಿಲ್ಲುತ್ತದೆಯೇ? ಡಿಜಿಸಿಎ ಪರೀಕ್ಷೆಯ ವಿಷಯಗಳಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಸಿ ಅಚ್ಚು ಹಾಕಿಸಲು ವಿಶ್ವವಿದ್ಯಾನಿಲಯಕ್ಕೆ ಹೇಳುತ್ತೀರಾ? ಮಹಾರಾಜ ಕಾಲೇಜಿನಲ್ಲೋ ಯುವರಾಜ ಕಾಲೇಜಿನಲ್ಲೋ ಶನಿವಾರ ಭಾನುವಾರ ಒಂದು ಕೋಣೆ ತೆರೆಸಿ, ಕನ್ನಡದಲ್ಲಿ ವಿವರಿಸಿ ಇಂಗ್ಲಿಷಿನಲ್ಲಿ ಉತ್ತರ ಹೇಳಿಸುವ ತರಗತಿ ನಡೆಸಲು ಎಷ್ಟು ಖರ್ಚಾಗುತ್ತದೆ ಸ್ವಾಮಿ, ನಿಮ್ಮ ಒಂದು ಕಟೌಟಿನ ದುಡ್ಡು ಸಾಲದೇ?